ನೋಡುವವನು ಬರೆಯಬಾರದು

ನವೆಂಬರ್ 9

ಪ್ರೀತಿಯ ಬಣ್ಣ,

ನಿನ್ನ ಮಗಳ ಮನೆಯ ವಿಳಾಸ ಸಿಗುವುದಕ್ಕೆ ಏಳು ವಾರ ಹಿಡಿಯಿತು. ನಿನ್ನ ಕೋಣೆಯ ಕೆಳಗಿನ ಪ್ರೆಸ್ಸಿನವರನ್ನು ಮೂರು ಸಲ ಕೇಳಿದೆ, ಮೂರು ಸಲವೂ ಗೊತ್ತಿಲ್ಲ ಎಂದರು. ನಾಲ್ಕನೆಯ ಸಲ ನನ್ನ ಹೆಂಡತಿ ಹೋದಳು, ಎರಡೇ ನಿಮಿಷದಲ್ಲಿ ಚೀಟಿ ಹಿಡಿದು ಬಂದಳು. ನನಗೆ ಕೊಡಬೇಡಿ ಎಂದು ನೀನೇ ಹೇಳಿ ಹೋಗಿದ್ದೆಯಂತೆ. ಇರಲಿ, ನನಗೆ ಆಗಬೇಕಾದದ್ದೇ.

ಅವತ್ತು ಅಂಗಡಿಯಲ್ಲಿ ನಿನ್ನ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಬೈದಿದ್ದರೆ ನಾನೂ ತಿರುಗಿ ಬೈಯುತ್ತಿದ್ದೆ, ಅಲ್ಲಿಗೆ ಮುಗಿದುಹೋಗುತ್ತಿತ್ತು. ನಾವು ಕಂಡ ಹಕ್ಕಿಗಳನ್ನು ಬರೆದಿಡುವ ಪುಸ್ತಕದ ಹೊಸ ರಟ್ಟಿನ ಮೇಲೆ ಹೆಸರು ಬರೆಯಲು ಬಂದವನು ನೀನು. ಗಿರಾಕಿ ಇದ್ದರೆಂದು ಕಾಯುತ್ತಾ ಕೂತೆ, ಕೌಂಟರಿನ ಮೇಲಿದ್ದ ಭೂತಗನ್ನಡಿ ಎತ್ತಿಕೊಂಡು ಪುಟ ತಿರುವಿದೆ. ನಾನು ಗಿರಾಕಿಯ ಮೂಗಿನ ಮೇಲೆ ಚೌಕಟ್ಟು ಕೂರಿಸುತ್ತಿದ್ದೆ. ಎದುರಿನ ಕನ್ನಡಿಯಲ್ಲಿ ನಿನ್ನ ಮುಖ ಕಾಣಿಸಿತು. ನಾನು ಬರೆದ ಪುಟಕ್ಕೆ ಬಂದಿದ್ದೀಯ ಎಂದು ಗೊತ್ತಾಯಿತು ಕಣೋ. ನೀನು ಪುಸ್ತಕವನ್ನು ಮೆಲ್ಲಗೆ ಮುಚ್ಚಿ, ಭೂತಗನ್ನಡಿಯನ್ನು ಅದರ ಮೇಲಿಟ್ಟು ಹೊರಟುಹೋದೆ. ಮುಂದಿನ ವಾರ ಊರನ್ನೇ ಬಿಟ್ಟೆ.

ತಪ್ಪು ಒಪ್ಪಿಕೊಳ್ಳುವುದಾದರೆ ಪೂರ್ತಿ ಒಪ್ಪಿಕೊಳ್ಳಬೇಕು. ಹದಿನೇಳು ವರ್ಷ ನಾವಿಬ್ಬರೂ ಸಂಜೆ ಐದೂವರೆಗೆ ಪಾರ್ಕಿನ ಹಿಂದಿನ ಗೇಟಿನಿಂದ ಹೊರಟು, ಕೊಳ ಸುತ್ತಿ, ಮರದ ಸೇತುವೆ ದಾಟಿ, ಮುಂದಿನ ಗೇಟು ಸೇರಿದ್ದೇವೆ. ಇಬ್ಬರಿಗೂ ಒಂದೇ ದುರ್ಬೀನು, ಒಂದೇ ಪುಸ್ತಕ. ಒಂದು ದಿನ ನೀನು ಹಕ್ಕಿ ನೋಡಿ ಹೇಳುವುದು, ನಾನು ಬರೆಯುವುದು. ಮರುದಿನ ನಾನು ನೋಡುವುದು, ನೀನು ಬರೆಯುವುದು. ನೋಡುವವನು ಬರೆಯಬಾರದು, ಬರೆಯುವವನು ತಲೆ ಎತ್ತಬಾರದು. ಈ ಕಾನೂನು ಮಾಡಿದವನು ನಾನೇ, ಮೊದಲ ವಾರ ಇಬ್ಬರೂ ದುರ್ಬೀನಿಗೆ ಕಿತ್ತಾಡಿ ಅದರ ಪಟ್ಟಿ ಹರಿದುಹೋದ ಮೇಲೆ.

ಎರಡು ವರ್ಷದ ಹಿಂದೆ ಒಂದು ಸಂಜೆ ನೀನು ಬೇಲಿಯ ಕಡೆ ನೋಡಿ "ಗಿಡುಗ" ಎಂದೆ. ನನಗೆ ಯಾಕೋ ಅನುಮಾನ ಬಂದು ತಲೆ ಎತ್ತಿದೆ. ಬೇಲಿಯ ಮೇಲೆ ಪಾರಿವಾಳ ಕೂತಿತ್ತು. ಪಾರಿವಾಳ ಎಂದೇ ಬರೆದೆ. ಒಂದು ಸಲ ತಾನೇ ಅಂದುಕೊಂಡೆ. ಆಮೇಲೆ ಅದು ವಾರಕ್ಕೊಂದಾಯಿತು, ಆಮೇಲೆ ದಿನಕ್ಕೊಂದಾಯಿತು. ನೀನು ಒಂದು ಹೇಳುತ್ತಿದ್ದೆ, ನಾನು "ಹ್ಞೂಂ, ಬರೆದೆ" ಎನ್ನುತ್ತಾ ಇನ್ನೊಂದು ಬರೆಯುತ್ತಿದ್ದೆ.

ಇನ್ನೂ ಒಂದು ಇದೆ. ನನ್ನ ಅಂಗಡಿಯ ಗೋಡೆಗೆ ಕಣ್ಣು ಪರೀಕ್ಷಿಸುವ ಅಕ್ಷರದ ಹಲಗೆ ಬರೆದುಕೊಟ್ಟವನು ನೀನು. ವರ್ಷಕ್ಕೊಮ್ಮೆ ನಿನ್ನನ್ನು ಅದರ ಮುಂದೆಯೇ ಕೂರಿಸಿ ಓದಿಸುತ್ತಿದ್ದೆ. ಇರುವೆಯಷ್ಟು ಸಣ್ಣ ಕೊನೆಯ ಸಾಲನ್ನೂ ನೀನು ಬಸ್ ಕಂಡಕ್ಟರ್ ಸ್ಟಾಪಿನ ಹೆಸರು ಕೂಗುವ ಹಾಗೆ ಗಡಗಡ ಹೇಳಿಬಿಡುತ್ತಿದ್ದೆ. ಬರೆದವನಿಗೆ ಬಾಯಿಪಾಠ ಇರುತ್ತದೆ ಎಂದು ನನಗೆ ಗೊತ್ತಿತ್ತು. ಬೇರೆ ಹಲಗೆ ಬೀರುವಿನಲ್ಲೇ ಇತ್ತು. ನಾನು ಅದನ್ನು ತೆಗೆಯಲಿಲ್ಲ.

ನನ್ನ ಮೇಲೆ ಎಷ್ಟು ಬೇಕಾದರೂ ಸಿಟ್ಟು ಮಾಡಿಕೋ. ಕಣ್ಣಿನ ಡಾಕ್ಟರನ್ನು ಮಾತ್ರ ನೋಡು.

ನಿನ್ನ,
ಗಾಜು

*

ನವೆಂಬರ್ 27

ಕನ್ನಡಕದ ಅಂಗಡಿಯವರಿಗೆ,

ನಿಮ್ಮ ಪತ್ರ ತಲುಪಿತು.

ನನ್ನ ಕಣ್ಣು ನನ್ನದು. ಅದರ ಚಿಂತೆ ನಿಮಗೆ ಬೇಡ.

ಪಾರಿವಾಳ, ಗಿಡುಗ ಹಾಗಿರಲಿ. ಒಂದೇ ಮಾತು ಕೇಳುತ್ತೇನೆ. ಹೋದ ಏಪ್ರಿಲ್ ತಿಂಗಳಲ್ಲಿ ಸೇತುವೆಯ ಹತ್ತಿರ ಮೂರು ಸಂಜೆ ಮಿಂಚುಳ್ಳಿ ಎಂದು ಹೇಳಿದೆ. ಮೂರು ಸಲವೂ ಬರೆದೆ ಎಂದಿರಿ. ಪುಸ್ತಕದಲ್ಲಿ ಆ ಮೂರು ಕಡೆ "ಏನೂ ಇಲ್ಲ" ಎಂದಿದೆ. ಹದಿನೇಳು ವರ್ಷದಲ್ಲಿ ಆ ಪಾರ್ಕಿನಲ್ಲಿ ನಾವು ಕಾಣದಿದ್ದ ಹಕ್ಕಿ ಅದು. ಖುಷಿಗೆ ಆ ದಿನಗಳಲ್ಲಿ ನನಗೆ ಊಟ ಸೇರಲಿಲ್ಲ. ನಿಮಗೆ ಅದೂ ಗೊತ್ತು, ನಿಮ್ಮ ಹತ್ತಿರವೇ ಹೇಳಿದ್ದೆ. ನೀವು ತಲೆ ಆಡಿಸಿದಿರಿ.

ಕುರುಡ ಅನ್ನಿ, ಪರವಾಗಿಲ್ಲ. ನನ್ನನ್ನು ಸುಳ್ಳನನ್ನಾಗಿ ಮಾಡಿದಿರಿ.

ಇನ್ನು ಪತ್ರ ಬೇಡ.

ಇಂತಿ,
ಬೋರ್ಡ್ ಬರೆಯುವವನು

*

ಡಿಸೆಂಬರ್ 6

ಬಣ್ಣ,

ನೀನು ಬೇಡ ಎಂದೆ, ಆದರೂ ಬರೆಯುತ್ತಿದ್ದೇನೆ. ಹದಿನೇಳು ವರ್ಷ "ಲೋ ಗಾಜು" ಎಂದು ಇಡೀ ಬೀದಿಗೆ ಕೇಳುವ ಹಾಗೆ ಕೂಗಿದವನು "ನೀವು" ಎಂದೆಯಲ್ಲ. ಕಪಾಳಕ್ಕೆ ಬಾರಿಸಿದ್ದರೂ ಇಷ್ಟು ಉರಿಯುತ್ತಿರಲಿಲ್ಲ.

ನಿನ್ನ ಪತ್ರವನ್ನು ಹೆಂಡತಿಯೂ ನೋಡಿದಳು. ಹಾಳೆಗೆ ಎಂಟೇ ಸಾಲು, ಒಂದೊಂದು ಅಕ್ಷರ ಹೆಬ್ಬೆರಳಿನ ಗಾತ್ರ, ಸಾಲುಗಳೆಲ್ಲ ಬಲಕ್ಕೆ ಹೋಗುತ್ತಾ ಕೆಳಗೆ ಜಾರಿವೆ. ಸುಣ್ಣದ ದಾರ ಹಿಡಿಯದೆ ಇಪ್ಪತ್ತು ಅಡಿ ನೇರ ಗೆರೆ ಎಳೆಯುತ್ತಿದ್ದ ಕೈ ಅದು. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ನಿಮ್ಮಂಥ ಕನ್ನಡಕದವರು ಊರಿಗೊಬ್ಬರಿದ್ರೆ ಸಾಕು, ಊರೆಲ್ಲಾ ಗೋಡೆ ತಡಕ್ಕೊಂಡು ಓಡಾಡುತ್ತೆ" ಎಂದಳು. ಎರಡು ದಿನದಿಂದ ನನಗೆ ಟೀ ಮಾತ್ರ ಸಿಗುತ್ತಿದೆ, ಮಾತು ಸಿಗುತ್ತಿಲ್ಲ.

ನಾನು ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳುತ್ತೀಯೇನೋ. ನಿನ್ನ ಅಪ್ಪನ ಸಂಗತಿಯನ್ನು ನೀನೇ ಎಷ್ಟು ಸಲ ಹೇಳಿದ್ದೀಯ. ಕಣ್ಣು ಕೊಯ್ಸಿಕೊಂಡು ಬಂದವರು ಮತ್ತೆ ಬ್ರಶ್ಶು ಹಿಡಿಯಲಿಲ್ಲ, ಹನ್ನೊಂದು ವರ್ಷ ಗೋಡೆ ಕಡೆ ಮುಖ ಮಾಡಿ ಕೂತಿದ್ದರು ಎಂದು. "ನನ್ನ ಕಣ್ಣಿಗೆ ಮಾತ್ರ ಯಾರೂ ಕತ್ತಿ ತಾಗಿಸಕೂಡದು" ಎನ್ನುತ್ತಿದ್ದೆ. ನಾನು ಹೇಳಿದರೆ ನೀನು ಡಾಕ್ಟರ ಹತ್ತಿರ ಹೋಗುವುದಿಲ್ಲ, ಮನೆಯಲ್ಲೇ ಕೂತುಬಿಡುತ್ತೀಯ ಎಂದು ನನಗೆ ಹೆದರಿಕೆ. ನಿನ್ನ ಮೇಲಿನ ಕನಿಕರ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಅದಲ್ಲ. ನೀನು ಕೂತುಬಿಟ್ಟರೆ ಸಂಜೆ ನಾನು ಯಾರ ಜೊತೆ ಹೋಗಲಿ ಎನ್ನುವುದೇ ಇದ್ದದ್ದು.

ಮಿಂಚುಳ್ಳಿಯ ವಿಷಯದಲ್ಲಿ ಮಾತ್ರ ನಾನು ಬಾಗಲಾರೆ. ಮೂರು ಸಂಜೆಯೂ ನೀನು ಹೇಳಿದ ಕೂಡಲೇ ತಲೆ ಎತ್ತಿ ನೋಡಿದ್ದೇನೆ. ಸೇತುವೆಯ ಕೆಳಗೆ ಪಾಚಿ ಕಟ್ಟಿದ ನೀರು, ಎರಡು ಬಾಟಲಿ, ಒಂದು ಹರಿದ ಚೆಂಡು. ಮೀನೇ ಇಲ್ಲದ ಕಡೆ ಮಿಂಚುಳ್ಳಿಗೆ ಏನು ಕೆಲಸ? ಕಾಣದ್ದನ್ನು ಇತ್ತು ಎಂದು ನಿನ್ನ ಸಮಾಧಾನಕ್ಕೆ ಹೇಳಿದರೆ ಅದು ಮತ್ತೊಂದು ಸುಳ್ಳಾಗುತ್ತದೆ.

ಡಾಕ್ಟರನ್ನು ನೋಡು. ಕೈ ಮುಗಿಯುತ್ತೇನೆ.

ಗಾಜು

*

ಜನವರಿ 18

ಗಾಜು ಮಾಮನಿಗೆ ನಮಸ್ಕಾರಗಳು.

ಅಪ್ಪನಿಗೆ ತಿಳಿಯದ ಹಾಗೆ ಔಷಧಿ ಅಂಗಡಿಯಲ್ಲಿ ಕೂತು ಈ ಪತ್ರ ಬರೆಯುತ್ತಿದ್ದೇನೆ. ಗಿರಾಕಿಗಳು ಬಂದು ಹೋಗುತ್ತಿರುತ್ತಾರೆ, ಅಲ್ಲಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಹೋದ ವಾರ ಅಪ್ಪ ನನ್ನ ಅಂಗಡಿಗೆ ಹೊಸ ಬೋರ್ಡ್ ಬರೆದರು. ಆಕಾಶದ ನೀಲಿ ಬೇಕು ಅಂದಿದ್ದೆ. ಮೂರು ದಿನ ಬಾಗಿಲು ಹಾಕಿಕೊಂಡು ಬರೆದು, ಹೆಮ್ಮೆಯಿಂದ ತಂದು ನಿಲ್ಲಿಸಿದರು. ಮಾಮ, ಅದು ಬದನೆಕಾಯಿ ಬಣ್ಣ. ಅಕ್ಷರದ ಅಂಚೆಲ್ಲ ಹೊರಗೆ ಚೆಲ್ಲಿದೆ. ನಾನು ಚೆನ್ನಾಗಿದೆ ಅನ್ನಬೇಕು ಅಂತ ಬಾಯಿ ತೆರೆದೆ, ಅಳು ಬಂದುಬಿಟ್ಟಿತು. ಅಪ್ಪ ನನ್ನ ಮುಖದ ಹತ್ತಿರ ಬಂದು, ತುಂಬ ಹತ್ತಿರ ಬಂದು, ನೋಡಿದರು. ಆಮೇಲೆ ಅವರೇ "ನಡಿ, ಡಾಕ್ಟರ ಹತ್ರ ಹೋಗೋಣ" ಅಂದರು.

ಎರಡು ಕಣ್ಣಿಗೂ ಪೊರೆ. ಎಡಗಣ್ಣಿನದು ಅಷ್ಟು ಮುಂದುವರಿದಿಲ್ಲ. ಬಲಗಣ್ಣಿನದು ಬಲಿತು ಕಲ್ಲಾಗಿದೆಯಂತೆ. ಡಾಕ್ಟರಮ್ಮ ಹೇಳಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ: "ಎರಡು ವರ್ಷ ಮುಂಚೆ ಬಂದಿದ್ರೆ ಕಾಲು ಗಂಟೆ ಕೆಲಸ. ಈಗ ಕಷ್ಟ ಇದೆ. ಮಾಡ್ತೀನಿ, ಆದ್ರೆ ಮಾತು ಕೊಡಕ್ಕಾಗಲ್ಲ. ಮಾಡದೆ ಬಿಟ್ರೆ ಮಾತ್ರ ಆ ಕಣ್ಣು ಹೋಗೋದು ಖಂಡಿತ." ಫೆಬ್ರವರಿ ಹನ್ನೆರಡಕ್ಕೆ ದಿನ ಕೊಟ್ಟಿದ್ದಾರೆ.

ಮಾತು ಕೊಡಕ್ಕಾಗಲ್ಲ ಅನ್ನುವುದೊಂದೇ ಅಪ್ಪನ ಕಿವಿಗೆ ಬಿದ್ದಿರುವುದು. ಒಲ್ಲೆ ಅಂತ ಕೂತಿದ್ದಾರೆ, ತಾತ ಕೂರುತ್ತಿದ್ದ ಹಾಗೆಯೇ. ನಾನು ಹೇಳಿ, ಗದರಿ, ಅತ್ತು ಸೋತೆ. ನಿಮ್ಮಿಬ್ಬರ ನಡುವೆ ಏನಾಗಿದೆ ಅಂತ ನನಗೆ ಪೂರ್ತಿ ಗೊತ್ತಿಲ್ಲ. ಆದರೆ ನೀವು ಬರೆದ ಎರಡು ಕಾಗದವೂ ಅವರ ದಿಂಬಿನ ಕೆಳಗಿವೆ. ಹೇಗಾದರೂ ಒಪ್ಪಿಸಿ.

ನಿಮ್ಮ,
ಬಣ್ಣದ ಮಗಳು

*

ಜನವರಿ 22

ಬಣ್ಣ,

ನಿನ್ನ ಮಗಳು ಬರೆದಿದ್ದಾಳೆ. ಅವಳನ್ನು ಬೈಯಬೇಡ.

ಎರಡು ವರ್ಷ ಎಂದರಂತೆ ಡಾಕ್ಟರು. ಆ ಎರಡು ವರ್ಷ ಯಾರದು ಎಂದು ನಿನಗೂ ಗೊತ್ತು, ನನಗೂ ಗೊತ್ತು. ಪಾರಿವಾಳ ಎಂದು ಬರೆದ ಆ ಸಂಜೆಯೇ ಬಾಯಿ ಬಿಟ್ಟಿದ್ದರೆ ಕಾಲು ಗಂಟೆಯಲ್ಲಿ ಮುಗಿಯುತ್ತಿತ್ತು. ಪತ್ರ ಬಂದಾಗಿನಿಂದ ಈ ಲೆಕ್ಕ ಬಿಟ್ಟು ಬೇರೇನೂ ತಲೆಗೆ ಹೋಗುತ್ತಿಲ್ಲ. ನಿನ್ನೆ ಒಬ್ಬರ ಎಡಗಣ್ಣಿನ ಗಾಜನ್ನು ಬಲಕ್ಕೆ ಕೂರಿಸಿ ಕಳಿಸಿದೆ. ಮೆಟ್ಟಿಲಿಳಿಯುವಾಗಲೇ ಎಡವಿ ವಾಪಸ್ ಬಂದರು ಪಾಪ.

ಇಲ್ಲಿಯ ಕಣ್ಣಾಸ್ಪತ್ರೆಗೆ ಹೋಗಿ, ಸಾಲಿನಲ್ಲಿ ಕೂತು, ನಿನ್ನ ಅಪ್ಪನ ಕಥೆ ಹೇಳಿ ವಿಚಾರಿಸಿದೆ. ಆ ಕಾಲದಲ್ಲಿ ಅರ್ಧ ಕಣ್ಣೇ ಬಿಚ್ಚುವಷ್ಟು ಉದ್ದಕ್ಕೆ ಕೊಯ್ಯುತ್ತಿದ್ದರಂತೆ, ತಲೆಯ ಎರಡೂ ಪಕ್ಕ ಮರಳಿನ ಚೀಲ ಇಟ್ಟು ದಿನಗಟ್ಟಲೆ ಅಲುಗದಂತೆ ಮಲಗಿಸುತ್ತಿದ್ದರಂತೆ. ಈಗ ನಿನ್ನದರಂತೆ ಬಲಿತದ್ದಕ್ಕೂ ಉಗುರಿನಷ್ಟು ಸೀಳಿದರೆ ಸಾಕು. ಮರುದಿನ ಪಟ್ಟಿ ಬಿಚ್ಚುತ್ತಾರೆ. ನನ್ನ ಅಂಗಡಿಗೆ ಬರುವ ಹತ್ತು ವಯಸ್ಸಾದವರಲ್ಲಿ ಆರು ಜನ ಮಾಡಿಸಿಕೊಂಡವರೇ. ಅವರಲ್ಲಿ ಒಬ್ಬರೂ ಗೋಡೆ ನೋಡುತ್ತಾ ಕೂತಿಲ್ಲ, ನನ್ನ ಜೊತೆ ಚೌಕಟ್ಟಿನ ಬಣ್ಣಕ್ಕೆ ಜಗಳ ಆಡುತ್ತಾರೆ.

ಹಾಗೆಂದು ಏನೂ ಆಗುವುದಿಲ್ಲ ಎಂದು ನಾನೂ ಮಾತು ಕೊಡಲಾರೆ. ಸುಳ್ಳು ಹೇಳಿ ಸಾಕಾಗಿದೆ. ನನಗೆ ಭಯವಾಗಿದೆ ಬಣ್ಣ. ನಿನಗಿಂತ ಹೆಚ್ಚು ಭಯವಾಗಿದೆ.

ನೀನು ಬರೆದ ಹಲಗೆಯನ್ನು ಗೋಡೆಯಿಂದ ಇಳಿಸಿ, ಬೀರುವಿನಲ್ಲಿದ್ದದ್ದನ್ನು ಹಾಕಿದೆ. ಮೊದಲ ದಿನವೇ ಗೊತ್ತಾಯಿತು, ಬಾಯಿಪಾಠದವನು ನೀನೊಬ್ಬನೇ ಅಲ್ಲ. ಆ ನಿವೃತ್ತ ಟೀಚರಮ್ಮ ಬಂದು ಕೂತು, ಕಣ್ಣು ಮುಚ್ಚಿಕೊಂಡೇ ಹಳೆಯ ಹಲಗೆಯ ಕೊನೆಯ ಸಾಲು ಶುರು ಮಾಡಿದರು. "ಟೀಚರ್, ಪ್ರಶ್ನೆಪತ್ರಿಕೆ ಬದಲಾಗಿದೆ" ಎಂದೆ. ಮುಖ ಕೆಂಪಗಾಯಿತು. ಹೊಸದರಲ್ಲಿ ಮೂರನೆಯ ಸಾಲೂ ದಾಟಲಿಲ್ಲ. ಅವರನ್ನೂ ಆಸ್ಪತ್ರೆಗೆ ಕಳಿಸಿದ್ದೇನೆ.

ಮಾಡಿಸಿಕೋ. ಆಮೇಲೆ ಜನ್ಮದಲ್ಲಿ ನನ್ನ ಮುಖ ನೋಡಬೇಡ, ಒಪ್ಪಿದೆ. ಆದರೆ ಎದುರು ಸಿಕ್ಕಾಗ ಮುಖ ತಿರುಗಿಸಬೇಕಾದರೂ ಇವನೇ ಅವನು ಎಂದು ಗುರುತು ಹತ್ತಬೇಕಲ್ಲ.

ಗಾಜು

*

ಫೆಬ್ರವರಿ 13

ಗಾಜು,

ಮಗಳ ಕೈಯಲ್ಲಿ ಬರೆಸುತ್ತಿದ್ದೇನೆ. ನಿನ್ನೆ ಬಲಗಣ್ಣು ಕೊಯ್ದರು. ದಪ್ಪ ಪಟ್ಟಿ ಕಟ್ಟಿದ್ದಾರೆ. ಎಡಗಣ್ಣಿನಲ್ಲಿ ಮಂಜು ಬಿಟ್ಟು ಬೇರೇನೂ ಕಾಣುವುದಿಲ್ಲ. ಇವತ್ತು ಮಧ್ಯಾಹ್ನ ಬಿಚ್ಚುತ್ತಾರೆ. ಅದಕ್ಕೆ ಮುಂಚೆ ಹೇಳುವುದನ್ನು ಹೇಳಿಬಿಡುತ್ತೇನೆ, ಬಿಚ್ಚಿದ ಮೇಲೆ ನನಗೆ ಮಾತಾಡುವ ಮನಸ್ಸು ಇರುತ್ತದೋ ಇಲ್ಲವೋ.

ನಿನ್ನ ಮಾತು ಕೇಳಿ ಒಪ್ಪಿದೆ ಎಂದು ಬೀಗಬೇಡ. "ನನಗೆ ಭಯವಾಗಿದೆ" ಎಂದೆಯಲ್ಲ, ಅದಕ್ಕೆ ಒಪ್ಪಿದೆ. ಉಳಿದವರೆಲ್ಲ ಹೆದರಬೇಡಿ ಹೆದರಬೇಡಿ ಎನ್ನುತ್ತಿದ್ದರು.

ಮಿಂಚುಳ್ಳಿ. ನಾನು ಅದನ್ನು ನೋಡಲಿಲ್ಲ. ಕೇಳಿದೆ. ಈ ಎರಡು ವರ್ಷ ಮುಕ್ಕಾಲು ಪಾಲು ಹಕ್ಕಿಗಳನ್ನು ನಾನು ಕಿವಿಯಿಂದಲೇ ಹೇಳಿದ್ದು. ದುರ್ಬೀನು ಸುಮ್ಮನೆ ಹಿಡಿದಿರುತ್ತಿದ್ದೆ. ಕೂಗದೆ ಕೂತ ಹಕ್ಕಿಗಳೇ ನನ್ನನ್ನು ಹಳ್ಳಕ್ಕೆ ತಳ್ಳಿದವು, ಆ ಪಾರಿವಾಳದ ಹಾಗೆ. ಮಿಂಚುಳ್ಳಿ ಸೇತುವೆಯ ಕೆಳಗಿನಿಂದ ಹಾರಿಹೋಗುವಾಗ ಕೂಗಿತು. ಸಣ್ಣಗೆ, ಚೀ ಎಂದು, ಸೀಟಿಯ ಹಾಗೆ. ಚಿಕ್ಕವನಿದ್ದಾಗ ನದಿಯ ದಡದಲ್ಲಿ ಅಪ್ಪನ ಜೊತೆ ಕೂತು ಸಾವಿರ ಸಲ ಕೇಳಿದ ಕೂಗು. ನಾನು ಹೇಳಿ, ನೀನು ತಲೆ ಎತ್ತುವಷ್ಟರಲ್ಲಿ ಅದು ಹೋಗಿರುತ್ತಿತ್ತು. ಕಣ್ಣಿನ ವಿಷಯದಲ್ಲಿ ನಾನು ನಿನಗೆ ಸುಳ್ಳು ಹೇಳಿದ್ದೇನೆ. ಹಕ್ಕಿಯ ವಿಷಯದಲ್ಲಿ ಹೇಳಿಲ್ಲ.

ಪಟ್ಟಿ ಬಿಚ್ಚಿದಾಗ ಕತ್ತಲೆಯೇ ಇದ್ದರೆ ನಿನ್ನನ್ನು ಬೈಯುವುದಿಲ್ಲ. ಮಗಳೇ, ಇದನ್ನು ಬರೆಯಬೇಡ. ಬರೆದೆಯಾ? ಹೊಡೆದುಹಾಕು.

(ಮಾಮ, ಹೊಡೆದುಹಾಕುವುದಿಲ್ಲ. ಅಪ್ಪ ಹೇಳಿದ್ದನ್ನು ಒಂದಕ್ಷರ ತಿದ್ದದೆ ಬರೆಯುತ್ತಿದ್ದೇನೆ. ನಿಮಗೂ ಹೀಗೆ ಬರೆಯುವುದು ಹೇಗೆ ಅಂತ ಕಲಿಸಬೇಕಂತೆ.)

ಬಣ್ಣ

ಅದೇ ದಿನ, ಸಂಜೆ

ಮಾಮ, ಕಾಗದ ಅಂಟಿಸಿರಲಿಲ್ಲ. ಪಟ್ಟಿ ಬಿಚ್ಚಿದರು.

ಅಪ್ಪ ಮೊದಲು ಕಣ್ಣೇ ತೆರೆಯಲಿಲ್ಲ. ಡಾಕ್ಟರಮ್ಮ ಎರಡು ಸಲ ಹೇಳಿದ ಮೇಲೆ ತೆರೆದರು. ಆಮೇಲೆ ಡಾಕ್ಟರಮ್ಮನ ಅಂಗಿಯ ತೋಳಿಗೆ ಬೆರಳು ತೋರಿಸಿ "ಇದು ನೀಲಿ" ಅಂದರು. "ಹೌದು" ಅಂದರು ಡಾಕ್ಟರಮ್ಮ. "ಇಷ್ಟೊಂದು ನೀಲೀನಾ?" ಅಂದು ಅಳುವುದಕ್ಕೆ ಶುರು ಮಾಡಿದರು. ಕಣ್ಣೀರು ಬಂದರೆ ಹೊಲಿಗೆಗೆ ಒಳ್ಳೆಯದಲ್ಲ ಅಂತ ನರ್ಸು ಗದರಿದಳು.

ತಾವು ಬರೆಯದ ಹಲಗೆಯಲ್ಲಿ, ಕೊನೆಯದಕ್ಕಿಂತ ಒಂದು ಸಾಲು ಮೇಲಿನವರೆಗೆ ಓದಿದರು. ಮನೆಗೆ ಬರುವಾಗ ನನ್ನ ಅಂಗಡಿಯ ಮುಂದೆ ನಿಂತು ತಲೆ ಎತ್ತಿ ನೋಡಿ, "ಈ ಬೋರ್ಡ್ ಯಾವ ಕತ್ತೆ ಬರೆದದ್ದು?" ಅಂದರು. "ನೀವೇ ಅಪ್ಪ" ಅಂದೆ. ಬೀದಿಯಲ್ಲಿ ನಿಂತು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗಲೂ ಬಾರದು ಅಂತ ಯಾರೂ ಹೇಳಿರಲಿಲ್ಲ.

*

ಫೆಬ್ರವರಿ 17

ಬಣ್ಣ,

ಪತ್ರ ಅಂಗಡಿಗೇ ಬಂತು. ಒಡೆಯಲು ಧೈರ್ಯ ಬರದೆ ಮನೆಗೆ ಓಡಿ ಹೆಂಡತಿಯ ಕೈಗೆ ಕೊಟ್ಟೆ. ಅವಳು ಕೆಳಗಿನಿಂದ ಮೇಲಕ್ಕೆ ಓದುವವಳು, ಕತ್ತೆಯಿಂದಲೇ ಶುರು ಮಾಡಿ ನಕ್ಕಳು. ಅವಳು ನಕ್ಕದ್ದನ್ನು ನೋಡಿ ನಾನು ಅಡುಗೆಮನೆಯ ನೆಲದ ಮೇಲೆ ಹಾಗೇ ಕೂತುಬಿಟ್ಟೆ. ಮೂರು ತಿಂಗಳ ಮೇಲೆ ಇವತ್ತು ಅನ್ನದ ರುಚಿ ಗೊತ್ತಾಗಿದೆ.

ಬೇರೆ ಏನೂ ಬರೆಯಲು ತೋಚುತ್ತಿಲ್ಲ. ಬದುಕಿದೆ.

ಗಾಜು

*

ಮಾರ್ಚ್ 25

ಬಣ್ಣ,

ಒಂದು ತಿಂಗಳು ಬರೆಯಲಿಲ್ಲ. ಬರಿಗೈಯಲ್ಲಿ ಬರೆಯಬಾರದು ಎಂದುಕೊಂಡಿದ್ದೆ. ನೀನು ಕೇಳಿದೆ ಎಂದ ಮೇಲೆ ನಾನೂ ಕೇಳಿಯೇ ತೀರಬೇಕು ಎಂದು ದಿನಾ ಸಂಜೆ ಸೇತುವೆಯ ಮೇಲೆ ಹೋಗಿ ನಿಂತೆ. ಪಾರ್ಕಿನಲ್ಲಿ ಈಗ ಎಲ್ಲ ಕಡೆ ಚಿಗುರು. ಕೊಳವನ್ನು ಹೋದ ವರ್ಷ ಚಳಿಗಾಲಕ್ಕೆ ಮುಂಚೆ ತೊಳೆಸಿದ್ದಾರೆ, ಪಾಚಿ ಇಲ್ಲ. ಐದು ವಾರ ಕಿವಿ ನಿಮಿರಿಸಿಕೊಂಡು ನಿಂತೆ. ಏನೂ ಇಲ್ಲ. ನೀನು ಹೇಳಿದ್ದು ಭ್ರಮೆಯೇ ಎಂದು ಮತ್ತೆ ಅನ್ನಿಸತೊಡಗಿತ್ತು, ನಿಜ ಹೇಳುತ್ತೇನೆ.

ಮೊನ್ನೆ ಹೆಂಡತಿ ತಾನೂ ಬರುತ್ತೇನೆಂದಳು. ಸೇತುವೆಯ ಮೇಲೆ ನಿಂತು ಅವಳ ತಂಗಿಯ ಸಂಸಾರದ ಪುರಾಣ ಹೇಳುತ್ತಿದ್ದವಳು ಮಧ್ಯದಲ್ಲಿ ನಿಲ್ಲಿಸಿದಳು. "ಏನ್ರೀ ಅದು ಸೀಟಿ?"

"ಯಾವ ಸೀಟಿ?"

"ಅದೇರೀ, ಸಣ್ಣಗೆ, ಚೀ ಅಂತ. ಅಗೋ ಮತ್ತೆ. ಮೂರು ಸಲ ಆಯ್ತಲ್ಲ, ಕೇಳಿಸ್ಲಿಲ್ವಾ?"

ನನಗೆ ಏನೂ ಕೇಳಿಸಲಿಲ್ಲ ಬಣ್ಣ. ಗಾಳಿ ಕೇಳಿಸುತ್ತಿತ್ತು, ದೂರದ ಬಸ್ಸು ಕೇಳಿಸುತ್ತಿತ್ತು. ಅವಳು ನನ್ನ ಮುಖವನ್ನೇ ನೋಡಿದಳು. "ಕೆಟಲ್ ಕೂಗಿದ್ರೂ ಕೂತೇ ಇರ್ತೀರಲ್ಲ, ನಾಲ್ಕು ವರ್ಷದಿಂದ ಸೋಮಾರಿ ಅಂತ ಬೈತಾ ಇದ್ನಲ್ಲ ನಾನು," ಎಂದಳು. ಅವಳ ದನಿ ತಗ್ಗಿತು. ಆಗಲೇ ಸೇತುವೆಯ ಕೆಳಗಿನಿಂದ ಅದು ಹೊರಬಂತು. ನೀರಿಗೆ ಒಂದು ಗೇಣು ಮೇಲೆ, ನೆಟ್ಟಗೆ, ಆ ದಡದ ಬಾಗಿದ ಕೊಂಬೆಗೆ ಹೋಗಿ ಕೂತಿತು. ದುರ್ಬೀನು ಎತ್ತಿದೆ. ಮಿಂಚುಳ್ಳಿ. ಬಾಯಲ್ಲಿ ಮೀನು. ನೀಲಿ ಎಂದರೆ ನೀಲಿ.

ಪಾರ್ಕಿನ ತೋಟದವನನ್ನು ಕೇಳಿದೆ. "ಹೋದ ವರ್ಷಾನೂ ಇತ್ತಲ್ಲ ಸಾರ್, ಆ ದಡದ ಮಣ್ಣಲ್ಲಿ ಬಿಲ ಮಾಡಿತ್ತು. ನೀವಿಬ್ರೂ ದಿನಾ ಹಕ್ಕಿ ನೋಡೋರು, ನಿಮಗೆ ಗೊತ್ತಿರುತ್ತೆ ಅಂತ ನಾನು ಹೇಳ್ಲಿಲ್ಲ" ಎಂದ. ನನಗೆ ಎಲ್ಲಾದರೂ ಅಡಗಿಕೊಳ್ಳೋಣ ಎನ್ನಿಸಿತು.

ನಿನ್ನ ಕಣ್ಣು ಮಂಜಾಗಿದೆ ಎಂದು ಕದ್ದು ಕದ್ದು ತಿದ್ದುತ್ತಾ ಕೂತವನ ಕಿವಿಯೇ ಕೆಟ್ಟಿತ್ತು. ಇದ್ದ ಹಕ್ಕಿಯನ್ನು ಇಲ್ಲ ಎಂದು ಬರೆದವನು ನಾನು. ಪುಸ್ತಕ ತೆಗೆದು ಆ ಮೂರೂ ಸಾಲುಗಳ ಪಕ್ಕದಲ್ಲಿ "ಇತ್ತು. ಬರೆದವನ ತಪ್ಪು" ಎಂದು ಬರೆದು ರುಜು ಹಾಕಿದ್ದೇನೆ. ನೀನು ಸುಳ್ಳನಲ್ಲ. ಕ್ಷಮಿಸು.

ಗಾಜು

*

ಏಪ್ರಿಲ್ 3

ಲೋ ಗಾಜು,

ಈ ಕಾಗದವನ್ನು ನಾನೇ ಬರೆಯುತ್ತಿದ್ದೇನೆ. ಸಾಲು ನೋಡು, ಬೇಕಾದರೆ ದಾರ ಹಿಡಿದು ನೋಡು.

ನಿನ್ನ ಕಿವಿಯ ವಿಷಯ ನನಗೆ ಗೊತ್ತಿತ್ತು. ನಾಲ್ಕು ವರ್ಷದಿಂದ ಗೊತ್ತಿತ್ತು. ಹಿಂದಿನ ಗೇಟಿನ ಪೊದೆಯಲ್ಲಿ ಸಣ್ಣ ಹಕ್ಕಿಗಳೆಲ್ಲ ಸೇರಿ ಕಿಚಕಿಚ ಎಂದು ತಲೆ ತಿನ್ನುತ್ತಿದ್ದ ಒಂದು ಸಂಜೆ ನೀನು, "ಇವತ್ತು ಪಾರ್ಕು ಎಷ್ಟು ಸುಮ್ಮನಿದೆ" ಎಂದೆ. ನಾನು ನಿನ್ನ ಮುಖ ನೋಡಿದೆ. "ಹೌದು ಕಣೋ" ಎಂದೆ.

ಇನ್ನೂ ಇದೆ, ಕೂತುಕೊಂಡು ಓದು. ಪುಸ್ತಕದಲ್ಲಿ ನನ್ನ ಕೈಬರಹದ ದಿನಗಳನ್ನು ತೆಗೆದು ನೋಡು. ನೀನು ಒಂಬತ್ತು ಹಕ್ಕಿ ಹೇಳಿದ ದಿನ ನಾನು ಹನ್ನೊಂದು ಬರೆದಿದ್ದೇನೆ. ನಿನಗೆ ಕೇಳಿಸದ್ದನ್ನು ನಾನು ಸೇರಿಸಿಬಿಡುತ್ತಿದ್ದೆ. ನಿನ್ನ ಪಟ್ಟಿ ನನ್ನದಕ್ಕಿಂತ ಚಿಕ್ಕದಾದರೆ ನೀನು ಪೆಚ್ಚಾಗುತ್ತೀಯ ಎಂದು. ನೀನು ಮಾಡಿದ್ದನ್ನೇ ನಾನೂ ಮಾಡಿದ್ದು, ನಿನಗಿಂತ ಎರಡು ವರ್ಷ ಮೊದಲಿನಿಂದ. ನೀನು ಸಿಕ್ಕಿಬಿದ್ದೆ, ನಾನು ಸಿಕ್ಕಿಬೀಳಲಿಲ್ಲ ಅಷ್ಟೇ. ಅಂಗಡಿಯಲ್ಲಿ ಅವತ್ತು ನನಗೆ ಮಾತು ಹೊರಡದಿದ್ದದ್ದು ಬರೀ ಸಿಟ್ಟಿಗಲ್ಲ. ಬೈಯಲು ಬಾಯಿ ತೆರೆದರೆ ಇದೂ ಹೊರಬೀಳುತ್ತದೆ ಎಂದು ಹೆದರಿ ಓಡಿಬಂದೆ. ಆಮೇಲೆ ಇಲ್ಲಿ ಕೂತು, ಆರು ತಿಂಗಳು ನಿನ್ನೊಬ್ಬನನ್ನೇ ತಪ್ಪುಗಾರ ಮಾಡಿಕೊಂಡು ಹಾಯಾಗಿದ್ದೆ.

ಈಗ ಹೇಳಿದೆ. ಎದೆಯ ಮೇಲಿನ ಏಣಿ ಇಳಿಸಿದ ಹಾಗಾಯಿತು.

ಕಿವಿ ಡಾಕ್ಟರ ಹತ್ತಿರ ಹೋಗು. ಅಲ್ಲಿ ಬಾಯಿಪಾಠ ಮಾಡುವಂಥದ್ದು ಏನೂ ಇರುವುದಿಲ್ಲ, ಸುಳ್ಳು ನಡೆಯುವುದಿಲ್ಲ.

ಎಡಗಣ್ಣಿಗೆ ಮೇ ಹತ್ತಕ್ಕೆ ದಿನ ಕೊಟ್ಟಿದ್ದಾರೆ. ಅದಕ್ಕೆ ಮುಂಚೆ ಎರಡು ದಿನದ ಮಟ್ಟಿಗೆ ಬಂದು ಹೋಗುತ್ತೇನೆ. ಈ ತಿಂಗಳು ಹದಿನಾಲ್ಕನೇ ತಾರೀಕು, ಐದೂವರೆ, ಹಿಂದಿನ ಗೇಟು. ನಾನು ನೋಡುತ್ತೇನೆ, ನೀನು ಬರೆ. ತಲೆ ಎತ್ತಿದರೆ ಕೊಳಕ್ಕೆ ತಳ್ಳುತ್ತೇನೆ.

ಬಣ್ಣ

*

ಏಪ್ರಿಲ್ 17

ಬಣ್ಣ,

ಕ್ಷೇಮವಾಗಿ ತಲುಪಿದೆ ಎಂದುಕೊಂಡಿದ್ದೇನೆ. ನೀನು ಮರೆತುಹೋದ ಟೋಪಿ ನಮ್ಮ ಮನೆಯ ಬಾಗಿಲ ಹಿಂದೆ ನೇತಾಡುತ್ತಿದೆ. ಹೆಂಡತಿ ಅದನ್ನು ತೆಗೆಯಲು ಬಿಡುತ್ತಿಲ್ಲ, ಅದಿದ್ದರೆ ನೀನು ಬರುತ್ತೀಯಂತೆ.

ಕಿವಿ ಡಾಕ್ಟರನ್ನು ನೋಡಿದೆ. ಸಣ್ಣ ದನಿಗಳು ಹೋಗಿವೆ, ದಪ್ಪ ದನಿಗಳು ಚೆನ್ನಾಗಿವೆಯಂತೆ. ಹಾಗಾದರೆ ಹೆಂಡತಿ ಬೈಯುವುದು ಕೇಳಿಸುತ್ತದೆ ಎಂದೆ. ಕಿವಿಗೊಂದು ಯಂತ್ರ ಕೊಡುತ್ತಾರೆ. ಜನರ ಮೂಗಿನ ಮೇಲೆ ಭಾರ ಹೊರಿಸಿದ್ದಕ್ಕೆ ನನ್ನ ಕಿವಿಗೆ ಬಂತು, ಸರಿಯಾಗಿದೆ.

ಅವತ್ತಿನ ಪುಟವನ್ನು ಇವತ್ತು ತೆಗೆದು ನೋಡಿದೆ. ಗುಬ್ಬಿ ಹದಿನಾರು. ಕಾಗೆ ನಾಲ್ಕು. ಪಾರಿವಾಳ ಏಳು, ಅದರಲ್ಲಿ ಒಂದನ್ನೂ ನೀನು ಗಿಡುಗ ಎನ್ನಲಿಲ್ಲ. ಬಕ ಒಂದು, "ಅದರ ಕತ್ತಿನ ಬೂದು ಬಣ್ಣಕ್ಕೆ ಎಷ್ಟು ನೀಲಿ ಬೆರೆಸಿದ್ದಾನೋ ನೋಡೋ" ಎಂದೆ, ನಾನು ನೋಡಲಿಲ್ಲ. ಮರಕುಟಿಗ ಒಂದು. ತಲೆ ತಗ್ಗಿಸಿಕೊಂಡು, ನೀನು ಹೇಳಿದ್ದನ್ನು ಹೇಳಿದ ಹಾಗೆ, ಎಲ್ಲವನ್ನೂ ಬರೆದಿದ್ದೇನೆ. ಸೇತುವೆ ಬರುವವರೆಗೆ.

ಅಲ್ಲಿ ನೀನು ಹೇಳುವುದನ್ನು ನಿಲ್ಲಿಸಿದೆ. ಹೆಸರು ಬರಲಿ ಎಂದು ನಾನು ಪೆನ್ನು ಹಿಡಿದು ಕಾಯುತ್ತಿದ್ದೆ. ನಿನ್ನ ಎರಡು ಕೈ ಬಂದು ನನ್ನ ತಲೆ ಹಿಡಿದು ಮೇಲೆತ್ತಿ, ಆ ಕೊಂಬೆಯ ಕಡೆಗೆ ತಿರುಗಿಸಿದವು. ಕೈಯಲ್ಲಿ ಇನ್ನೂ ಟರ್ಪೆಂಟೈನ್ ವಾಸನೆ. "ಕೂಗ್ತಾ ಇದೆ ಕಣೋ, ಈಗ ಎದ್ದು ಬರುತ್ತೆ, ಕಣ್ಣು ಮಿಟುಕಿಸಬೇಡ" ಎಂದೆ. ಅದು ಎದ್ದು ಬಂತು. ನಮ್ಮ ಕಾಲ ಕೆಳಗಿನಿಂದ ಹಾದು ಹೋಯಿತು. ನೀನು ನನ್ನ ತಲೆ ಬಿಡಲಿಲ್ಲ.

ಪುಟದಲ್ಲಿ ಮರಕುಟಿಗದ ಕೆಳಗೆ ಏನೂ ಇಲ್ಲ. ಹದಿನೇಳು ವರ್ಷದಲ್ಲಿ ಮೊದಲ ಸಲ ಬರೆಯುವವರು ಯಾರೂ ಇರಲಿಲ್ಲ, ಇಬ್ಬರೂ ನೋಡುತ್ತಿದ್ದೆವು. ಆ ಸಾಲನ್ನು ಖಾಲಿ ಬಿಟ್ಟಿದ್ದೇನೆ. ಎಡಗಣ್ಣು ಮುಗಿಸಿಕೊಂಡು ಬಂದು, ಬ್ರಶ್ಶಿನಲ್ಲಿ, ನೀನೇ ಬರೆ. ಯಾವ ನೀಲಿ ಎಂದು ನಿನಗೆ ಗೊತ್ತು.

ನಿನ್ನ,
ಗಾಜು